ನೆನೆಹಾಕಿದ ಪ್ರಶ್ನೆ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಿದುಳು ಸಂಸ್ಥೆಯವರು ತಮ್ಮ ವರದಿಯಲ್ಲಿ 'ಭಾಷಾ ಸಂಬಂಧಿ ಅಡಚಣೆ' ಎಂದು ನಾಜೂಕಾಗಿ ಬರೆದು ನನ್ನ ಮಾನ ಉಳಿಸಿದ್ದಾರೆ. ಅಡಚಣೆಯೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ಆಮೇಲೆ ಒಂಬತ್ತು ವರ್ಷ ನಿಘಂಟಿನ ಕೆಲಸ ಮಾಡಿ, ಪದದ ವಿಷಯಕ್ಕೆ ಬಂದರೆ ಈ ಪಂಚಾಕ್ಷರಿಯನ್ನು ಮೀರಿಸುವವರಿಲ್ಲ ಎಂದು ಮೀಸೆ ತಿರುವುತ್ತಿದ್ದ ನಾನು ಒಂದೇ ಒಂದು ಪದ ಆರಿಸಿಕೊಡುವುದರಲ್ಲಿ ಮುಗ್ಗರಿಸಿದೆ. ಅದೂ ಎರಡಕ್ಷರದ ಪದ.

ಮೈಸೂರಿನ ರಿಂಗ್ ರೋಡಿನಾಚೆ ಇರುವ ಆ ಸಂಸ್ಥೆಗೆ ನನ್ನನ್ನು ಕರೆಸಿಕೊಂಡವರು ಡಾಕ್ಟರ್ ಐರಿನ್ ಮಸ್ಕರೇನ್ಹಸ್. ಮಂಗಳೂರಿನವರು, ಮನೆಮಾತು ಕೊಂಕಣಿ, ಕನ್ನಡ ಶಾಲೆಯಲ್ಲಿ ಕಲಿತದ್ದು. ಐವತ್ತರ ಆಸುಪಾಸಿನ, ಕೂತಲ್ಲಿ ಕೂರದ ಹೆಂಗಸು. ಅವರಿಗಿದ್ದದ್ದು ಒಂದೇ ಪ್ರಶ್ನೆ. ಮನುಷ್ಯನ ಬುದ್ಧಿಗೆ ಮರೆವೇ ಬೇಲಿ ಎನ್ನುತ್ತಾರೆ. ಆ ಬೇಲಿ ಕಿತ್ತು ಹಾಕಿದರೆ ಬುದ್ಧಿ ಎಲ್ಲಿಯವರೆಗೆ ಹೋಗುತ್ತದೆ?

"ನೋಡಿ ಮೇಷ್ಟ್ರೆ, ನಮ್ಮ ತಲೆಯಲ್ಲಿ ಒಂದೇ ಸಲಕ್ಕೆ ನಾಲ್ಕೈದು ಸಂಗತಿ ಕೂತುಕೊಳ್ಳುವಷ್ಟೇ ಜಾಗ ಉಂಟು. ಇನ್ನೊಂದು ಬಂದ್ರೆ ಮೊದಲು ಕೂತದ್ದು ಎದ್ದು ಹೋಗ್ತದೆ. ಎದ್ದು ಹೋದದ್ದು ಬೇಕೆಂದಾಗ ವಾಪಸ್ ಬರುವ ಹಾಗೆ ಮಾಡಿದ್ರೆ ಎಂತ ಆಗ್ತದೆ ಅಂತ ನೋಡಬೇಕು ನನಗೆ" ಎಂದರು.

ಅದಕ್ಕಾಗಿ ಅವರು ಮಾಡಿದ್ದ ಯಂತ್ರ ಕಿವಿಯ ಹಿಂದೆ ಕೂರುವ, ಹತ್ತು ರೂಪಾಯಿ ನಾಣ್ಯದಷ್ಟಗಲದ ಒಂದು ತಟ್ಟೆ. ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು, ಆದರೆ ಸಂಸ್ಥೆಯಲ್ಲಿ ಎಲ್ಲರೂ ಬಿಲ್ಲೆ ಎನ್ನುತ್ತಿದ್ದರು. ಬಿಲ್ಲೆ ಹಾಕಿಕೊಂಡವರು ಕಂಡದ್ದು, ಕೇಳಿದ್ದು ಎಲ್ಲವೂ ಸಂಸ್ಥೆಯ ದೊಡ್ಡ ಕಂಪ್ಯೂಟರಿಗೆ ಹೋಗಿ ಸೇರುತ್ತಿತ್ತು. ಅದಕ್ಕೆ 'ಕಣಜ' ಎಂದು ಹೆಸರಿಟ್ಟವನು ನಾನು. ನಾವು ಮನಸ್ಸಿನಲ್ಲೇ ಒಂದು ಮಾತು ಅಂದುಕೊಂಡರೂ ನಾಲಿಗೆಯನ್ನು ಆಡಿಸುವ ನರಗಳು ಒಂದಿಷ್ಟು ಮಿಡುಕುತ್ತವಂತೆ. ಆ ಮಿಡುಕನ್ನು ಬಿಲ್ಲೆ ಗುರುತು ಹಿಡಿದು, ಕಣಜದಿಂದ ಬೇಕಾದ್ದನ್ನು ಹುಡುಕಿ ತಂದು, ಮಿದುಳಿನಲ್ಲಿ ನೆನಪು ಹುಟ್ಟುವ ಜಾಗಕ್ಕೆ ಸುರಿಯುತ್ತದೆ. ಇದಕ್ಕೆ ಅಪ್ಪಣೆ ಕೊಡಲು ಒಂದು ಪದ ಬೇಕಿತ್ತು. ಚಿಕ್ಕದಿರಬೇಕು, ಎಲ್ಲರ ಬಾಯಲ್ಲೂ ಒಂದೇ ತರಹ ಬರಬೇಕು, ಬೇರೆ ಕೆಲಸಕ್ಕೆ ಬಳಕೆಯಾಗಬಾರದು.

'ಜ್ಞಾಪಿಸು' ಆಗದು, ಆ ಜ್ಞಕಾರವನ್ನು ಹತ್ತು ಜನ ಹತ್ತು ಬಗೆಯಲ್ಲಿ ಉಚ್ಚರಿಸುತ್ತಾರೆ. 'ಸ್ಮರಿಸು' ಎಂದರೆ ಯಾರೋ ತೀರಿಕೊಂಡ ಹಾಗಿರುತ್ತದೆ. ಮೂರು ವಾರ ಕೂತು, ಅಚ್ಚಾದ ಪುಸ್ತಕಗಳ ರಾಶಿಯನ್ನೆಲ್ಲ ಜಾಲಾಡಿ ಕೊನೆಗೆ 'ನೆನೆ' ಎಂದು ಬರೆದುಕೊಟ್ಟೆ. ಕೆಳಗೆ ಒಂದು ಟಿಪ್ಪಣಿಯನ್ನೂ ಹಾಕಿದ್ದೆ: 'ಈ ಪದಕ್ಕೆ ಮಳೆಯಲ್ಲಿ ಒದ್ದೆಯಾಗು ಎಂಬ ಅರ್ಥವೂ ಇದೆ. ಕೊಡೆ ಹಿಡಿಯುವ ಈ ಕಾಲದಲ್ಲಿ ಬಳಕೆ ಅಪರೂಪ.' ಈಗ ಓದಿದರೆ ಕಪಾಳಕ್ಕೆ ಹೊಡೆದುಕೊಳ್ಳುವಂತಾಗುತ್ತದೆ.

ನಾನು ಊಟ ಮಾಡುವುದು ನನ್ನ ತಂಗಿ ದಾಕ್ಷಾಯಿಣಿಯ ಮನೆಯಲ್ಲಿ. ಸರಸ್ವತಿಪುರಂನಲ್ಲಿ ಕೆಳಗೆ ಅವಳ ಮೆಸ್, ಮಹಡಿ ಮೇಲೆ ನಾನು. ನನ್ನ ಹೆಂಡತಿ ಹೋದಳು, ತಂಗಿಯ ಗಂಡ ಹೋದರು, ಹೀಗೆ ಇಬ್ಬರೂ ಒಂದು ಸೂರಿನಡಿಗೆ ಬಂದೆವು. ಬೆಳಿಗ್ಗೆ ನೂರೈವತ್ತು ಇಡ್ಲಿ, ಮಧ್ಯಾಹ್ನ ನಲವತ್ತು ಊಟ, ಎಲ್ಲವೂ ಅವಳ ಕೈಯಲ್ಲೇ. ನಾನು ಕೂತಲ್ಲಿಗೆ ಕಾಫಿ ಬರುತ್ತಿತ್ತು. ಅದು ಹೇಗೆ ಆಗುತ್ತದೆ, ಎಲ್ಲಿಂದ ಬರುತ್ತದೆ ಎಂದು ನೋಡಲು ಅಡುಗೆಮನೆಯ ಹೊಸಿಲು ದಾಟಿದವನಲ್ಲ.

ಬಿಲ್ಲೆಯ ವಿಷಯ ಹೇಳುತ್ತ ಹೇಳುತ್ತ ಒಂದು ದಿನ, "ಇನ್ನೂ ಇಬ್ಬರು ಬೇಕಂತೆ. ಸಾಮಾನ್ಯ ಜನ ಆಗಬೇಕಂತೆ" ಅಂದೆ.

ಅವಳು ಸಾರು ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು. "ಅಣ್ಣ, ನನ್ನನ್ನ ಸೇರಿಸ್ಕೊಳ್ತಾರಾ ಕೇಳು."

"ನಿನಗ್ಯಾಕೆ ಅವೆಲ್ಲ? ಪರೀಕ್ಷೆ ಮಾಡ್ತಾರೆ ಅಲ್ಲಿ. ಲೆಕ್ಕ, ಒಗಟು ಅಂತ ಇಪ್ಪತ್ತು ಪ್ರಶ್ನೆ, ಇಪ್ಪತ್ತೇ ನಿಮಿಷ."

"ಅದಕ್ಕೇ. ಚಿಕ್ಕೋಳಿದ್ದಾಗಿಂದ ದಡ್ಡಿ ದಡ್ಡಿ ಅನ್ನಿಸ್ಕೊಂಡು ಬಂದೆ. ಹೌದೋ ಅಲ್ವೋ ಅಂತ ಒಂದ್ಸಲ ಯಾರಾದ್ರೂ ಅಳೆದು ಕಾಗದದ ಮೇಲೆ ಬರ್ಕೊಡ್ಲಿ. ಹೌದು ಅಂದ್ರೆ ಒಪ್ಕೊಂಡ್ಬಿಡ್ತೀನಿ. ಆಮೇಲೆ ಆ ಯೋಚ್ನೆನೇ ಬಿಟ್ಟು ನೆಮ್ಮದಿಯಾಗಿ ಇರ್ತೀನಿ."

ನಾನು ತಲೆ ತಗ್ಗಿಸಿ ಅನ್ನ ಕಲಸತೊಡಗಿದೆ. ನಾವು ನಂಜನಗೂಡಿನಲ್ಲಿ ಓದುತ್ತಿದ್ದಾಗ ಇವಳು ಏಳನೇ ಕ್ಲಾಸು, ನಾನು ಹತ್ತು. ಶಾಲೆಗೆ ಇನ್ಸ್‌ಪೆಕ್ಟರ್ ಬಂದವರು ಇವಳಿಗೊಂದು ಲೆಕ್ಕ ಕೇಳಿದರು. ಇವಳು ಕಂಬದ ಹಾಗೆ ನಿಂತಳೇ ಹೊರತು ಬಾಯಿ ಬಿಡಲಿಲ್ಲ. ಮರುದಿನ ಕನ್ನಡ ಪಾಠದ ನಡುವೆ ಎದ್ದುನಿಂತು "ಅದರ ಉತ್ತರ ಮೂವತ್ತಾರು ಸಾರ್" ಎಂದಳಂತೆ. ಶಾಲೆಗೆ ಶಾಲೆಯೇ ನಕ್ಕಿತು. ದೆವ್ವ ಬರಬಾರದೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಅದನ್ನೇ ಅವಳಿಗೆ ಹೆಸರಾಗಿ ಕಟ್ಟಿದರು. ಕಟ್ಟಿದವನು ನಾನು. ಒಡಹುಟ್ಟಿದ ಅಣ್ಣ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲವೂ ಅರ್ಧ ಪತ್ರಿಕೆ ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಅಪ್ಪ "ಇವಳಿಗೆ ತಲೆ ಓಡಲ್ಲ" ಎಂದು ಮದುವೆ ಮಾಡಿ ಕೈತೊಳೆದುಕೊಂಡರು.

ಐರಿನ್ ಅವರಿಗೆ ಹೇಳಿದೆ. ಅವರು ಒಪ್ಪಿದರು, ಆದರೆ ನಿಯಮ ಎಲ್ಲರಿಗೂ ಒಂದೇ. ಬಿಲ್ಲೆ ಇರುವುದು ಕೆಲವೇ ಕೆಲವು. ಮೂರು ಪರೀಕ್ಷೆ, ಮೂರನೆಯದರಲ್ಲೂ ಎಂಟು ಉತ್ತರ ಸರಿಯಾಗದವರ ಬಿಲ್ಲೆ ಅವತ್ತೇ ತೆಗೆಯುತ್ತಾರೆ, ಫಲಿತಾಂಶದ ಕಾಗದ ಕೊಟ್ಟು ಕಳಿಸುತ್ತಾರೆ. ಬಿಲ್ಲೆ ಹಾಕುವ ಮುಂಚಿನ ಮೊದಲ ಪರೀಕ್ಷೆಯಲ್ಲಿ ದಾಕ್ಷಿಗೆ ಬಂದದ್ದು ನಾಲ್ಕು. ಇಪ್ಪತ್ತೆರಡು ಜನರಲ್ಲಿ ಎಲ್ಲರಿಗಿಂತ ಕೆಳಗೆ.

ಮಿಕ್ಕವರ ಕಥೆ ಕೇಳಬೇಕು ನೀವು. ಅವರಲ್ಲಿ ಒಬ್ಬರು ವಕೀಲರು. ಬಿಲ್ಲೆ ಬಂದ ಹತ್ತು ದಿನಕ್ಕೆ ಅವರ ಹತ್ತಿರ ಯಾರೂ ಮಾತಿಗೆ ನಿಲ್ಲದಂತಾಯಿತು. ಬಾಯಿ ತೆಗೆದರೆ ಮೊನ್ನೆ ನೀವು ಹೇಳಿದ್ದನ್ನು ಕೆಮ್ಮು ಸಮೇತ ಒಪ್ಪಿಸುತ್ತಿದ್ದರು. ಇನ್ನೊಂದು ಗಂಡ ಹೆಂಡತಿ ಜೋಡಿ. "ಮೂರನೇ ತಾರೀಕು ಬೆಳಿಗ್ಗೆ ಎಂಟೂವರೆಗೆ ನೀವು ನಮ್ಮಮ್ಮನ ವಿಷ್ಯ ಏನಂದ್ರಿ?" ಎಂದು ಅವಳು ಶುರು ಮಾಡಿದರೆ, "ಅದಕ್ಕೆ ಮುಂಚೆ ಎರಡನೇ ತಾರೀಕು ನೀನೇನಂದೆ?" ಎಂದು ಇವನು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಇದೆ, ಇವರದು ಮಲಗಿ ಎದ್ದರೂ ಮುಗಿಯದು. ನೆನಪು ಎಲ್ಲರಿಗೂ ಬೆಟ್ಟದಷ್ಟಾಯಿತು. ಆದರೆ ಒಗಟಿನ ಪರೀಕ್ಷೆಯಲ್ಲಿ ಒಬ್ಬರೂ ಮೊದಲಿಗಿಂತ ಜಾಣರಾಗಲಿಲ್ಲ.

"ಗೋಡೌನ್ ಭರ್ತಿ ಆಯ್ತು ಮೇಷ್ಟ್ರೆ, ಅಡುಗೆ ಮಾತ್ರ ಆಗ್ಲಿಲ್ಲ" ಎಂದು ಐರಿನ್ ತಲೆಯ ಮೇಲೆ ಕೈ ಹೊತ್ತು ಕೂತರು.

ದಾಕ್ಷಿಗೆ ಬಿಲ್ಲೆ ಹಾಕಿ ಎಂಟನೆಯ ದಿನ. ಬೆಳಗಿನ ಹತ್ತು ಗಂಟೆ. ಇಡ್ಲಿ ಗಿರಾಕಿಗಳೆಲ್ಲ ಹೋಗಿದ್ದರು. ನಾನು ಪೇಪರ್ ಓದುತ್ತಿದ್ದೆ. ಒಳಗೆ ಢಮಾರ್ ಎಂದು ಪಾತ್ರೆ ಬಿದ್ದ ಸದ್ದು. ಅವತ್ತು ಹೊಸಿಲು ದಾಟಿದೆ. ದಾಕ್ಷಿ ನೆಲದ ಮೇಲೆ ಕೂತಿದ್ದಳು, ಸುತ್ತ ಉದ್ದಿನಬೇಳೆ ಚೆಲ್ಲಿತ್ತು, ಕಣ್ಣು ಎಲ್ಲೋ ಇತ್ತು.

"ಏನಾಯ್ತೇ?"

"ಉದ್ದು ಬಂತು ಅಣ್ಣ. ಎಲ್ಲಾ ಉದ್ದೂ ಒಟ್ಟಿಗೆ ಬಂತು. ಅಂಗಡಿ ಶೆಟ್ಟರ ಮೂಟೆ, ಅವರ ಸೀನು, ಮೊನ್ನೆ ಆರ್ಸಿದ ಕಲ್ಲು, ಆಚೆ ಮೊನ್ನೆ ನೀರು... ದಿನಾ ಹಿಂಗೇ ಆಗ್ತಿದೆ. ಇವತ್ತು ಜಾಸ್ತಿ ಆಯ್ತು."

"ದಿನಾ ಆಗ್ತಿದ್ರೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ತೆಗೆದುಬಿಡ್ತಾರಲ್ಲ."

ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಸಂಸ್ಥೆಗೆ ಓಡಿದೆ. ಅಲ್ಲಿನ ಕಂಟ್ರೋಲ್ ರೂಮಿನಲ್ಲಿ ಜಬೀನಾ ಎಂಬ ಟೆಕ್ನಿಷಿಯನ್ ಇದ್ದಳು, ಚುರುಕು ಹೆಣ್ಣುಮಗಳು. ಒಬ್ಬೊಬ್ಬರೂ ಕಣಜಕ್ಕೆ ಎಷ್ಟು ಸಲ ಅಪ್ಪಣೆ ಕೊಟ್ಟಿದ್ದಾರೆ ಎಂದು ಪರದೆಯ ಮೇಲೆ ತೋರಿಸಿದಳು. ಎಲ್ಲರದೂ ದಿನಕ್ಕೆ ಮೂವತ್ತು ನಲವತ್ತು. ದಾಕ್ಷಿಯದು ನೂರಾ ತೊಂಬತ್ತು.

"ಬೆಳಿಗ್ಗೆ ಹತ್ತು ಗಂಟೆಗೆ ಇವರು ಎಂತ ಮಾರಾಯ್ರೆ ಇಷ್ಟು ನೆನೆಯುವುದು? ದೇವರನ್ನಾ?" ಎಂದರು ಐರಿನ್.

ಜಬೀನಾ ಪಟ್ಟಿ ಓದಿದಳು. "ಉದ್ದು. ಅಕ್ಕಿ. ಮೆಂತ್ಯ. ಅಕ್ಕಿ. ಕಡಲೆಕಾಳು. ಹುಣಸೆಹಣ್ಣು. ತಳ ಹಿಡಿದ ಪಾತ್ರೆ. ಒರೆಸೋ ಬಟ್ಟೆ..." ಓದುತ್ತ ಓದುತ್ತ ಅವಳ ದನಿ ಸಣ್ಣಗಾಯಿತು. ಆಮೇಲೆ ಬಾಯಿಗೆ ದುಪಟ್ಟಾ ಅಡ್ಡ ಹಿಡಿದಳು. ನಗು ತಡೆಯಲಾಗಲಿಲ್ಲ.

"ಏನು?" ಎಂದೆ ನಾನು.

"ಸರ್, ಇವೆಲ್ಲಾ ನೆನೆಹಾಕೋವು!"

ದಾಕ್ಷಿ ನನ್ನ ಮುಖ ನೋಡಿದಳು. "ಹೂಂ ಕಣಣ್ಣ. ಬೆಳಿಗ್ಗೆ ನೆನೆಸಿದ್ರೆ ತಾನೇ ಸಂಜೆ ರುಬ್ಬೋಕಾಗೋದು. ಯಾಕೆ, ಅದಕ್ಕೂ ಬಿಲ್ಲೆ ಏಳುತ್ತಾ?"

ಐರಿನ್ ನನ್ನ ಕಡೆ ತಿರುಗಿದರು. ಅವರ ಮನೆಯಲ್ಲಿ ಅಕ್ಕಿ ನೆನೆಯುವುದು ಕೊಂಕಣಿಯಲ್ಲಿ, ಅವರಿಗೆ ಹೊಳೆಯದಿದ್ದರೆ ತಪ್ಪಿಲ್ಲ. ನನಗೇನಾಗಿತ್ತು ಧಾಡಿ? ಅರವತ್ತನಾಲ್ಕು ವರ್ಷ ಇಡ್ಲಿ ತಿಂದ ಬಾಯಿ ನನ್ನದು. ಒಂದು ಹಿಡಿ ಬೇಳೆಯನ್ನಾಗಲಿ, ಒಂದು ಪಂಚೆಯನ್ನಾಗಲಿ ಈ ಕೈಯಿಂದ ನೆನೆಹಾಕಿದ್ದರೆ ಗೊತ್ತಾಗುತ್ತಿತ್ತು. ಕನ್ನಡ ನಾಡಿನ ಪ್ರತಿ ಅಡುಗೆಮನೆಯಲ್ಲೂ ದಿನಕ್ಕೆ ಹತ್ತು ಸಲ ಆಡುವ ಮಾತನ್ನು 'ಬಳಕೆ ಅಪರೂಪ' ಎಂದು ಬರೆದುಕೊಟ್ಟ ಪಂಡಿತ ನಾನು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನಲ್ಲ. ಆ ಮೂವರು ಹೆಂಗಸರ ನಡುವೆ ನಿಂತು ನಾನು ಬೆವರಿದೆ.

ಮಾನ ಉಳಿಸಿಕೊಳ್ಳಲು ವ್ಯಾಕರಣ ಹಿಡಿದೆ. "ಪದ ಬದಲಿಸೋದು ಬೇಡ. 'ನೆನೆ' ಅಂದ್ರೆ ನೆನಪಿಗೆ ಇರ್ಲಿ. 'ನೆನೆಸು', 'ನೆನೆಹಾಕು' ಅಂದಾಗ ಬಿಲ್ಲೆ ಸುಮ್ನಿರೋ ಹಾಗೆ ಮಾಡಿ."

ಜಬೀನಾ ತಲೆಯಾಡಿಸಿದಳು. "ಪೂರ್ತಿ ಸುಮ್ನಿರ್ಸೋಕಾಗಲ್ಲ ಸರ್. 'ನೆನೆ' ಅಂತಿದ್ದ ಹಾಗೇ ಅದು ಹುಡುಕೋಕೆ ಶುರು ಮಾಡ್ಬಿಡುತ್ತೆ, 'ಸು' ಬರೋ ಹೊತ್ತಿಗೆ ಅರ್ಧ ತಂದಿರುತ್ತೆ. ತಂದಿದ್ದನ್ನ ಎಲ್ಲಾದ್ರೂ ಖಾಲಿ ಮಾಡ್ಲೇಬೇಕು. ಆರು ಗಂಟೆ ತಡೆದು, ಅಕ್ಕನ ತಲೆ ಬಿಡುವಾಗಿದ್ದಾಗ ಹನಿ ಹನಿಯಾಗಿ ಬಿಡೋ ಹಾಗೆ ಮಾಡ್ಬಹುದು." ಹಾಗೇ ಮಾಡಿದಳು. ದಾಕ್ಷಿಯ ತಲೆಸುತ್ತು ನಿಂತಿತು.

ಎರಡನೆಯ ಪರೀಕ್ಷೆಯಲ್ಲಿ ಐದು ಬಂತು. ಮನೆಗೆ ಬಂದವಳು ಮಾತಾಡದೆ ಬಡಿಸಿದಳು, ಮಾತಾಡದೆ ಎಲೆ ತೆಗೆದಳು. ಸಂಜೆ ಗ್ರೈಂಡರ್ ತಿರುಗುತ್ತಿತ್ತು, ಅವಳು ಕಲ್ಲಿನ ಬದಿಗೆ ಅಂಟಿದ ಹಿಟ್ಟನ್ನು ಕೈಯಲ್ಲಿ ಒಳಕ್ಕೆ ತಳ್ಳುತ್ತಿದ್ದಳು. ನಾನು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ.

"ಅಣ್ಣ, ಹನ್ನೊಂದು" ಎಂದಳು ಇದ್ದಕ್ಕಿದ್ದಂತೆ.

"ಏನು ಹನ್ನೊಂದು?"

"ಬೆಳಿಗ್ಗೆ ಕೇಳಿದ್ರಲ್ಲ, ಒಂದು ವೃತ್ತದ ಮೇಲೆ ನಾಲ್ಕು ನೇರ ಗೆರೆ ಎಳೆದ್ರೆ ಜಾಸ್ತಿ ಅಂದ್ರೆ ಎಷ್ಟು ತುಂಡು ಮಾಡ್ಬಹುದು ಅಂತ. ಎಂಟು ಅಂತ ಬರ್ದು ಬಂದೆ. ಎಂಟಲ್ಲ, ಹನ್ನೊಂದು."

ಎಂಟು ಎಂದೇ ನಾನೂ ಹೇಳುತ್ತಿದ್ದೆ. "ಅದು ಹೇಗೆ?"

"ಎಲ್ಲಾ ಗೆರೆನೂ ನಡುಮಧ್ಯಕ್ಕೇ ಯಾಕೆ ಬರ್ಬೇಕು? ದೋಸೆ ಅಂತ ಇಟ್ಕೋ. ಒಂದು ಸಲ ಕೊಯ್ದ್ರೆ ಎರಡು. ಎರಡನೇದು ಅಡ್ಡ ಕೊಯ್ದ್ರೆ ನಾಲ್ಕು. ಮೂರನೇ ಗೆರೆನ ಆ ಎರಡೂ ಗೆರೆ ದಾಟೋ ಹಾಗೆ, ಆದ್ರೆ ಅವು ಸೇರಿದ ಜಾಗ ಬಿಟ್ಟು ಎಳಿ, ಏಳಾಗುತ್ತೆ. ನಾಲ್ಕನೇದು ಮೂರನ್ನೂ ದಾಟಿದ್ರೆ ಇನ್ನು ನಾಲ್ಕು ಸೇರುತ್ತೆ. ಎಷ್ಟನೇ ಗೆರೆಯೋ ಅಷ್ಟು ತುಂಡು ಜಾಸ್ತಿ. ಐದನೇ ಗೆರೆಗೆ ಹದಿನಾರು."

ಪೇಪರ್ ಅಂಚಿನಲ್ಲಿ ವೃತ್ತ ಬರೆದು ಗೆರೆ ಎಳೆದು ಎಣಿಸಿದೆ. ಹನ್ನೊಂದು. ಐದನೆಯದನ್ನು ಎಳೆದೆ. ಹದಿನಾರು. ಲೋಟದ ಕಾಫಿ ಆರಿಹೋಗಿತ್ತು.

"ಇದನ್ನ ಯಾವಾಗ ಯೋಚ್ನೆ ಮಾಡಿದೆ?"

"ಯೋಚ್ನೆ ಎಲ್ಲಿ ಮಾಡ್ದೆ? ಆಟೋದಲ್ಲಿ ಬರ್ತಾ, ಇದು ಗಟ್ಟಿಯಾಗಿದೆ, ನೆನೆಸಿಡೋಣ ಅಂದ್ಕೊಂಡೆ. ಈಗ ಹಿಟ್ಟು ತಳ್ಳುವಾಗ ಮೆತ್ತಗಾಗಿ ಬಂತು."

ನನಗೆ ಕುತೂಹಲ ತಡೆಯಲಾಗಲಿಲ್ಲ. ಮರುದಿನದಿಂದ ಪುಸ್ತಕದಂಗಡಿಯ ಕಷ್ಟದ ಕಷ್ಟದ ಒಗಟಿನ ಪುಸ್ತಕಗಳನ್ನೆಲ್ಲ ತಂದೆ. ಬೆಳಿಗ್ಗೆ ಹತ್ತಕ್ಕೆ, ಉದ್ದಿನ ಪಾತ್ರೆಗೆ ಅವಳು ನೀರು ಹೊಯ್ಯುವಾಗ ಒಂದು ಒಗಟು ಓದಿ ಹೇಳುವುದು. ಆಗಲೇ ಉತ್ತರ ಕೇಳಿದರೆ ಬರುತ್ತಿರಲಿಲ್ಲ, ಮುಖ ಕೆಂಪಗಾಗಿ ತಡವರಿಸುತ್ತಿದ್ದಳು. ಸಂಜೆ ರುಬ್ಬುವ ಹೊತ್ತಿಗೆ ಉತ್ತರ ಸಿದ್ಧ. ಹದಿನಾಲ್ಕು ದಿನದಲ್ಲಿ ಹದಿಮೂರು ಸರಿ. ಇನ್ನೊಂದಕ್ಕೆ ಮಾರನೆಯ ಮಧ್ಯಾಹ್ನದವರೆಗೆ ಸಮಯ ತೆಗೆದುಕೊಂಡಳು.

ಇದು ಬಿಲ್ಲೆಯ ಪ್ರತಾಪ ಎಂದು ನನಗೆ ಅನುಮಾನವೇ ಇರಲಿಲ್ಲ. ಜಬೀನಾ ಮಾಡಿದ ತಡೆಯಿಂದಾಗಿ ಕಣಜದ ನೆನಪು ತಡವಾಗಿ, ಹನಿ ಹನಿಯಾಗಿ ಬರುತ್ತಿದೆ. ಹಾಗೆ ಬಂದದ್ದು ಬುದ್ಧಿಯಾಗಿ ಅರಳುತ್ತಿದೆ. ನನ್ನ ತಪ್ಪಿನಿಂದಲೇ ದೊಡ್ಡದೊಂದು ಶೋಧ ಆಯಿತಲ್ಲ ಎಂದು ಒಳಗೊಳಗೇ ಬೀಗಿದೆ ಬೇರೆ. ಐರಿನ್ ಹತ್ತಿರ ಹೋಗಿ ಇದನ್ನೆಲ್ಲ ಹೇಳಿ, ಮೂರನೆಯ ಪರೀಕ್ಷೆಯಲ್ಲಿ ದಾಕ್ಷಿಗೆ ಸಂಜೆಯವರೆಗೆ ಸಮಯ ಕೊಡಿ ಎಂದು ಕೇಳಿದೆ.

"ಆಗುವುದಿಲ್ಲ ಮೇಷ್ಟ್ರೆ. ಇಡೀ ದಿನ ಕೊಟ್ರೆ ಯಾರು ಬೇಕಾದ್ರೂ ಮಾಡ್ತಾರೆ."

"ಮಾಡ್ತಾರಾ? ಕೊಟ್ಟು ನೋಡಿದೀರಾ?"

"ಬುದ್ಧಿ ಅಂದ್ರೆ ಬೇಗ ಹೊಳೆಯುವುದು. ಗಡಿಯಾರ ತೆಗೆದ್ರೆ ನಾನು ಎಂತ ಅಳೆಯುವುದು?"

"ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಮ್ಮ ಕಡೆ ಗಾದೆ ಇದೆ ಡಾಕ್ಟ್ರೆ."

"ಗಾದೆಯನ್ನು ವರದಿಯಲ್ಲಿ ಬರೆಯಲಿಕ್ಕೆ ಆಗ್ತದಾ?" ಎಂದರು. ಸಿಟ್ಟಿನಿಂದಲ್ಲ, ಆಯಾಸದಿಂದ. "ಒಬ್ಬರಿಗೆ ಒಂದು ನಿಯಮ, ಉಳಿದವರಿಗೆ ಇನ್ನೊಂದು ಮಾಡಿದ್ರೆ ನನ್ನ ಮೂರು ವರ್ಷದ ಕೆಲಸ ನೀರಲ್ಲಿ ಹೋಮ."

ಮೂರನೆಯ ಪರೀಕ್ಷೆ ಸೋಮವಾರ ಹನ್ನೊಂದು ಗಂಟೆಗೆ. ದಾಕ್ಷಿ ಅವತ್ತು ಮೆಸ್ ಮುಚ್ಚಿ, ಪೆಟ್ಟಿಗೆಯಲ್ಲಿದ್ದ ನೀಲಿ ಸೀರೆ ಉಟ್ಟುಕೊಂಡು ಬಂದಿದ್ದಳು. ಗಾಜಿನ ಆಚೆ ನಿಂತು ನೋಡುತ್ತಿದ್ದೆ. ಮೊದಲ ಪುಟ ಬರೆದಳು. ಆಮೇಲೆ ಪೆನ್ನು ನಿಂತಿತು. ಗೋಡೆಯ ಗಡಿಯಾರ ನೋಡುತ್ತಾಳೆ, ಪ್ರಶ್ನೆ ನೋಡುತ್ತಾಳೆ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾಳೆ. ಗಂಟೆ ಹೊಡೆದಾಗ ಅವಳು ಬರೆದದ್ದು ಆರು. ಆರೂ ಸರಿ. ಮಿಕ್ಕ ಹದಿನಾಲ್ಕು ಖಾಲಿ.

ಎಂಟಕ್ಕೆ ಎರಡು ಕಡಿಮೆ. ಐರಿನ್ ಅವಳ ಕೈ ಹಿಡಿದು, "ನಾಲ್ಕು ಗಂಟೆಗೆ ಬಿಲ್ಲೆ ತೆಗೆಯುವ, ಆಯ್ತಾ ಅಕ್ಕ? ಬೇಜಾರು ಮಾಡ್ಕೊಳ್ಬೇಡಿ" ಎಂದರು. ದಾಕ್ಷಿ ತಲೆಯಾಡಿಸಿದಳು. ಪ್ರಶ್ನೆಪತ್ರಿಕೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಅಲ್ಲೀವರೆಗೂ ಸುಮ್ನೆ ಕೂರೋಕಾಗಲ್ಲ ನನಗೆ" ಎಂದು ಸಂಸ್ಥೆಯ ಕ್ಯಾಂಟೀನಿಗೆ ಹೋದಳು. ಅಲ್ಲಿನ ಹೆಂಗಸರ ಜೊತೆ ಈರುಳ್ಳಿ ಹೆಚ್ಚಿದಳು, ತಟ್ಟೆ ತೊಳೆದಳು, ಸಾರಿಗೆ ಉಪ್ಪು ಕಡಿಮೆ ಎಂದಳು. ನಾನು ಒಂದು ಮೂಲೆಯಲ್ಲಿ ಕೂತು, ಇವಳಿಗೆ ಏನು ಹೇಳಿ ಸಮಾಧಾನ ಮಾಡಲಿ ಎಂದು ಒದ್ದಾಡುತ್ತಿದ್ದೆ. ಅಳೆದು ಬರೆದುಕೊಡಿ ಎಂದು ಕೇಳಿದ್ದಳು, ಬರೆದುಕೊಡುತ್ತಾರೆ ಇವತ್ತು.

ನಾಲ್ಕಕ್ಕೆ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಐರಿನ್ ಕೈಗವಸು ಹಾಕಿಕೊಂಡು ಅವಳ ಕಿವಿಯ ಹಿಂದಿನ ಕೂದಲು ಸರಿಸಿದರು. ದಾಕ್ಷಿ ಸೊಂಟದಿಂದ ಕಾಗದ ತೆಗೆದಳು.

"ಡಾಕ್ಟ್ರಮ್ಮ, ಒಂದು ನಿಮಿಷ. ಏಳನೇದಕ್ಕೆ ಇಪ್ಪತ್ತೆಂಟು ಬರುತ್ತೆ. ಎಂಟನೇದರಲ್ಲಿ ಸುಳ್ಳು ಹೇಳ್ತಿರೋ ಆ ಒಬ್ಬ ಮೂರನೇ ಮನುಷ್ಯ, ಯಾಕಂದ್ರೆ ಅವನದೊಂದು ನಿಜ ಆದ್ರೆ ಮಿಕ್ಕ ಇಬ್ಬರದೂ ಸುಳ್ಳಾಗ್ಬೇಕಾಗುತ್ತೆ. ಒಂಬತ್ತಕ್ಕೆ ಎಡಗಡೆ ಚಿತ್ರ. ಹತ್ತಕ್ಕೆ..."

ಐರಿನ್ ಅವರ ಕೈ ಹಾಗೇ ನಿಂತಿತು. ಜಬೀನಾ ಸದ್ದಿಲ್ಲದೆ ಉತ್ತರಗಳ ಹಾಳೆ ತಂದು ಒಂದೊಂದಕ್ಕೂ ಗುರುತು ಹಾಕತೊಡಗಿದಳು. ದಾಕ್ಷಿ ಆತುರವಿಲ್ಲದೆ, ಬೀದಿಯಲ್ಲಿ ತರಕಾರಿ ಆರಿಸುವ ಹಾಗೆ ಒಂದೊಂದೇ ಹೇಳುತ್ತ ಹೋದಳು. ಹನ್ನೆರಡು ಹೇಳಿ ನಿಲ್ಲಿಸಿದಳು.

"ಹದಿನೇಳು, ಹತ್ತೊಂಬತ್ತು ಇನ್ನೂ ನೆಂದಿಲ್ಲ. ಗಟ್ಟಿ ಇದಾವೆ."

ಹನ್ನೆರಡೂ ಸರಿ. ಬೆಳಗಿನ ಆರು ಸೇರಿ ಹದಿನೆಂಟು. ಇಪ್ಪತ್ತೆರಡು ಜನರಲ್ಲಿ ವಕೀಲರದೇ ಹೆಚ್ಚು, ಅವರದು ಹದಿಮೂರು.

ಐರಿನ್ ಕೈಗವಸು ಕಿತ್ತೆಸೆದರು. "ಮೇಷ್ಟ್ರೆ! ನೀವು ಹೇಳಿದ್ದೇ ಸರಿ! ತಡೆದು ಕೊಡಬೇಕಿತ್ತು! ಎಲ್ಲರ ಬಿಲ್ಲೆಗೂ ಆರು ಗಂಟೆ ತಡೆ ಹಾಕುವ, ನಾಳೆಯಿಂದಲೇ!" ಮಗುವಿನ ಹಾಗೆ ಕುಣಿಯುವುದೊಂದು ಬಾಕಿ. ನಾನೂ ಎದ್ದುನಿಂತೆ. ದಾಕ್ಷಿಯ ಮುಖದಲ್ಲಿ ಒಂದು ಸಣ್ಣ ನಗು ಬಂದಿತ್ತು.

ಜಬೀನಾ ಮಾತ್ರ ನಗಲಿಲ್ಲ. "ಮೇಡಂ, ಅಕ್ಕನ ಬಿಲ್ಲೆ ಆಫ್ ಆಗಿದೆ."

"ಯಾವಾಗ?"

"ಹನ್ನೊಂದೂವರೆಗೆ. ತೆಗೆಯೋ ದಿನ ಪರೀಕ್ಷೆ ಮುಗಿದ ತಕ್ಷಣ ಆರಿಸಬೇಕು ಅಂತ ನಿಯಮ ಇದೆಯಲ್ಲ. ನಾನೇ ಆರಿಸಿದೆ. ಆಮೇಲೆ ಏನೂ ಹೋಗಿಲ್ಲ, ಏನೂ ಬಂದಿಲ್ಲ."

ಐರಿನ್ ಪರದೆಯ ಮುಂದೆ ಕೂತು ಹಿಂದಿನ ಹದಿನಾಲ್ಕು ದಿನಗಳ ಪಟ್ಟಿಯನ್ನೂ ತೆಗೆದರು. ಸಂಜೆ ಸಂಜೆ ದಾಕ್ಷಿಯ ತಲೆಗೆ ಬಿಲ್ಲೆ ಹನಿಸಿದ್ದನ್ನೆಲ್ಲ ಸಾಲುಸಾಲಾಗಿ ಓದಿದರು. ಉದ್ದು, ಅಕ್ಕಿ, ಮೆಂತ್ಯ, ಹುಣಸೆ. ಒಗಟಿಗೆ ಸಂಬಂಧಪಟ್ಟದ್ದೆಂದರೆ ನಾನು ಗಟ್ಟಿಯಾಗಿ ಓದಿದ ಪ್ರಶ್ನೆ ಒಂದೇ, ಅದೂ ಅವಳಿಗೆ ಮೊದಲೇ ಗೊತ್ತಿದ್ದದ್ದು. ಉತ್ತರಕ್ಕೆ ಬೇಕಾದದ್ದು ಕಣಜದಲ್ಲಿ ಒಂದು ಕಾಳೂ ಇರಲಿಲ್ಲ.

"ಹಾಗಾದ್ರೆ ಇದು ಇವರದೇ ತಲೆ" ಎಂದರು ಐರಿನ್, ನಿಧಾನವಾಗಿ. "ಬಿಲ್ಲೆ ಏನೂ ಮಾಡ್ಲಿಲ್ಲ. ಮೊದಲಿಂದಲೂ ಹೀಗೇ ಇತ್ತು ಅಂತ ಕಾಣ್ತದೆ. ಕೈ ಕೆಲಸದಲ್ಲಿದ್ದಾಗ, ಗಮನ ಬೇರೆ ಕಡೆ ಇದ್ದಾಗ ಮಿದುಳು ಒಳಗೊಳಗೇ ಕೆಲಸ ಮಾಡ್ತದೆ ಅಂತ ನಾನೇ ಪಾಠ ಮಾಡ್ತೇನೆ. ಆದ್ರೆ ಪರೀಕ್ಷೆ ಮಾಡುವಾಗ ಗಡಿಯಾರ ಇಟ್ಟೆ. ಎಲ್ಲರೂ ಇಡ್ತಾರೆ ಅಂತ ಇಟ್ಟೆ." ಪರದೆಯಿಂದ ಮುಖ ತಿರುಗಿಸಿ, "ಇಪ್ಪತ್ತು ನಿಮಿಷ ಅಂತ ಯಾರು ಹೇಳಿದ್ದು ಅಂತ ನನಗೇ ಗೊತ್ತಿಲ್ಲ ಮಾರಾಯ್ರೆ" ಎಂದರು.

ನಾನು ದಾಕ್ಷಿಯನ್ನು ನೋಡಿದೆ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖದ ನಗು ಹೋಗಿತ್ತು. ಕಾಗದವನ್ನು ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ಕೂತಿದ್ದಳು. ಆಮೇಲೆ ಅವಳ ಕಣ್ಣಲ್ಲಿ ನೀರು ಬಂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಮ್ಮಪ್ಪ ಸತ್ತಾಗಲೂ ಅವಳು ಅಷ್ಟು ಅತ್ತದ್ದನ್ನು ಕಂಡಿರಲಿಲ್ಲ.

"ಹಂಗಾದ್ರೆ ನಾನು ಓದ್ಬಹುದಾಗಿತ್ತು ಅಲ್ವಾ ಅಣ್ಣ?" ಎಂದಳು.

ನನ್ನ ತಲೆಗೆ ಬಂದದ್ದು ಮೂವತ್ತಾರು ಎಂಬ ಒಂದು ಸಂಖ್ಯೆ. ಇನ್ಸ್‌ಪೆಕ್ಟರ್ ಕೇಳಿದ ಆ ಲೆಕ್ಕದ ಉತ್ತರ ಸರಿಯೋ ತಪ್ಪೋ ಎಂದು ಇಡೀ ಶಾಲೆಯಲ್ಲಿ ಒಬ್ಬರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಬಿಲ್ಲೆ ಇಟ್ಟುಕೊಳ್ಳಿ ಎಂದು ಐರಿನ್ ಒತ್ತಾಯ ಮಾಡಿದರು. ದಾಕ್ಷಿ ಬೇಡವೆಂದಳು. "ಉದ್ದು ಉದ್ದಾಗೇ ಇರ್ಲಿ ಡಾಕ್ಟ್ರಮ್ಮ. ತೆಗೆದುಬಿಡಿ." ತೆಗೆದರು. ಫಲಿತಾಂಶದ ಕಾಗದದಲ್ಲಿ 'ಸರಿ ಉತ್ತರ: ಹದಿನೆಂಟು' ಎಂದು ಬರೆದು, ತೆಗೆದುಕೊಂಡ ಸಮಯ ಎಂಬ ಕಡೆ ಐರಿನ್ ತಮ್ಮ ಕೈಯಾರೆ 'ಐದು ಗಂಟೆ' ಎಂದು ತುಂಬಿದರು.

ಈಗ ಅವರ ಸಂಸ್ಥೆಯ ಕೆಲಸ ಬೇರೆ ದಾರಿ ಹಿಡಿದಿದೆ. ಬೆಳಿಗ್ಗೆ ಪ್ರಶ್ನೆ ಕೊಟ್ಟು, ಪಾತ್ರೆ ತೊಳೆಯಲೋ ತೋಟ ಅಗೆಯಲೋ ಕಳಿಸಿ, ಸಂಜೆ ಉತ್ತರ ಕೇಳುತ್ತಾರೆ. ಮೊದಲ ತಂಡದಲ್ಲೇ ಕೆಳಗಿದ್ದ ಒಂಬತ್ತು ಜನ ಮೇಲೆ ಬಂದರಂತೆ, ಮೇಲಿದ್ದವರಲ್ಲಿ ಕೆಲವರು ಎಲ್ಲಿದ್ದರೋ ಅಲ್ಲೇ ಉಳಿದರಂತೆ. ಮನುಷ್ಯನ ಬುದ್ಧಿಯ ಗಡಿ ಎಲ್ಲಿದೆ ಎಂದು ಹುಡುಕಲು ಹೊರಟವರು, ಆ ಗಡಿಯಲ್ಲಿ ಎಷ್ಟು ಭಾಗ ಗಡಿಯಾರದ್ದು, ಎಷ್ಟು ಭಾಗ ನಿಜವಾಗಿ ಮಿದುಳಿನದ್ದು ಎಂದು ಮೊದಲಿಂದ ಲೆಕ್ಕ ಹಾಕುತ್ತಿದ್ದಾರೆ. ಉತ್ತರ ಬರಲು ವರ್ಷಗಳೇ ಬೇಕು ಎನ್ನುತ್ತಾರೆ ಐರಿನ್, ಮೊದಲಿನ ಚಡಪಡಿಕೆ ಇಲ್ಲದೆ.

ಅವತ್ತು ಮನೆಗೆ ಬರುವಾಗ ಆಟೋದಲ್ಲಿ ನಾನು, "ದಾಕ್ಷಿ, ನನ್ನದು ತಪ್ಪಾಯ್ತು ಕಣೇ. ಆ ಹೆಸರು ಕಟ್ಟಿದ್ದು ನಾನು. ಅವತ್ತು ನಕ್ಕವರಲ್ಲಿ ಮೊದಲನೆಯವನು ನಾನು. ಕ್ಷಮಿಸಿಬಿಡು" ಎಂದೆ. ಅವಳು ಕೇಳಿಸಿಕೊಂಡಳು. ಏನೂ ಹೇಳಲಿಲ್ಲ. ಮೊದಲಾಗಿದ್ದರೆ "ಏನಾದ್ರೂ ಹೇಳೇ" ಎಂದು ಗದರಿಸುತ್ತಿದ್ದೆ. ಸುಮ್ಮನಿದ್ದೆ. ಮಂಗಳವಾರ ಹೋಯಿತು, ಬುಧವಾರ ಹೋಯಿತು. ನಾನು ಅಡುಗೆಮನೆಗೆ ಹೋಗಿ ಉದ್ದು ತೊಳೆದುಕೊಡಲು ಕಲಿತೆ, ಎರಡು ಸಲ ನೀರಿನ ಜೊತೆ ಬೇಳೆಯನ್ನೂ ಚೆಲ್ಲಿ ಬೈಸಿಕೊಂಡೆ.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಅವಳು ಸಾರಿನ ಪಾತ್ರೆ ಹಿಡಿದು ನನ್ನ ಮುಂದೆ ನಿಂತಳು.

"ಅಣ್ಣ, ಸೋಮವಾರ ಕ್ಷಮಿಸು ಅಂತ ಕೇಳಿದ್ಯಲ್ಲ."

"ಹೂಂ."

"ಆಗಲ್ಲ ಅನ್ಸುತ್ತೆ ಅಣ್ಣ. ತುಂಬಾ ಯೋಚ್ನೆ ಮಾಡ್ದೆ. ಆಗಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ತಟ್ಟೆ ನೋಡಿದಳು. "ಇನ್ನೊಂಚೂರು ಸಾರು ಹಾಕ್ಲಾ?"

"ಹಾಕು" ಎಂದೆ.